ಜಿ ಸೆವೆಂತ್ ಪಕ್ಕದಲ್ಲೇ ಇರುವ ಕಾರ್ಡ್

ನಾನು ಬೆಂಗಳೂರಿನಲ್ಲಿ ಯುಕುಲೇಲೆ ಕಲಿಸುತ್ತೇನೆ, ಗಿಟಾರಿನಂಥದ್ದೇ ನಾಲ್ಕು ತಂತಿಯ ಪುಟ್ಟ ವಾದ್ಯ. ಜಾಸ್ತಿ ಜನ ಆಫೀಸ್ ಮುಗಿಸಿ ಸಂಜೆ ಬರುವವರು. ಸಿ, ಎಫ್, ಜಿ ಸೆವೆಂತ್ ಎಂಬ ಕಾರ್ಡುಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು) ಕೈಗೆ ಕೂತರೆ ಖುಷಿಯಾಗಿ ಹಾಡು ನುಡಿಸುತ್ತಾರೆ. ಹಾಳೆಯಲ್ಲಿ ಡಿಮಿನಿಶ್ಡ್ ಸೆವೆಂತ್ ಅನ್ನೋ ಕಾರ್ಡ್ ಬಂತೋ, ಕೈ ನಿಂತುಬಿಡುತ್ತದೆ. ಕೆಲವರು ಸುಮ್ನೆ ಬಿಟ್ಟು ಮುಂದೆ ಹೋಗುತ್ತಾರೆ. ಬಿಟ್ಟರೆ ಹಾಡೇನೂ ಕೆಡುವುದಿಲ್ಲ. ಆದರೆ ಮುಂದಿನ ಕಾರ್ಡಿನ ಕಡೆಗೆ ಕಿವಿಯನ್ನು ಎಳೆಯುವ ಸೊಗಸು ಹೋಗಿಬಿಡುತ್ತದೆ, ಅದು ನನಗೆ ದೊಡ್ಡ ನಷ್ಟ.

ಇದನ್ನು ಹೊಸ ಕಾರ್ಡ್ ಅಂತ ಕಲಿಸಲೇಬಾರದು, ಜಿ ಸೆವೆಂತ್‌ನಿಂದ ಶುರು ಮಾಡಬೇಕು. ಕಲಿಸುತ್ತಾ ಕಲಿಸುತ್ತಾ ನನಗೆ ಗಟ್ಟಿಯಾದ ಮಾತು ಇದು.

ಜಿ ಸೆವೆಂತ್ ಹಿಡಿಯಿರಿ: 0212. ಈ ಅಂಕಿಗಳು ಕ್ರಮವಾಗಿ ಜಿ, ಸಿ, ಇ, ಎ ತಂತಿಗಳಲ್ಲಿ ಒತ್ತಬೇಕಾದ ಫ್ರೆಟ್ (ವಾದ್ಯದ ಕತ್ತಿನ ಮೇಲಿನ ಮನೆ), 0 ಅಂದರೆ ಒತ್ತದೆ ಬಿಟ್ಟ ತಂತಿ. ತೋರುಬೆರಳು ಇ ತಂತಿಯ ಮೊದಲ ಫ್ರೆಟ್ ಮೇಲಿರುತ್ತದೆ. ಉಳಿದೆರಡು ಬೆರಳು ಇದ್ದಲ್ಲೇ ಇರಲಿ. ತೋರುಬೆರಳನ್ನು ಮಾತ್ರ ಮಲಗಿಸಿ, ಅದು ಜಿ ತಂತಿಯನ್ನೂ ಒತ್ತಲಿ. ಈಗ 1212 ಆಯಿತು. ಜಿ ಇದ್ದದ್ದು ಜಿ ಶಾರ್ಪ್ ಆಗಿದೆ, ಬೇರೇನೂ ಬದಲಾಗಿಲ್ಲ. ಇದೇ ಜಿ ಶಾರ್ಪ್ ಡಿಮಿನಿಶ್ಡ್ ಸೆವೆಂತ್. ಅಲ್ಲಿಂದ ಎ ಮೈನರ್‌ಗೆ ಹೋಗಿ, 2000. ಜಿ ತಂತಿಯೊಂದನ್ನೇ ಕೇಳಿ: ಜಿ, ಜಿ ಶಾರ್ಪ್, ಎ. ಒಂದೊಂದೇ ಫ್ರೆಟ್ ಏರುತ್ತಿದೆ, ಅಲ್ವಾ?

ಅದೇ ಹಿಡಿತವನ್ನು ಮೂರು ಫ್ರೆಟ್ ಮೇಲೆ ಜಾರಿಸಿದರೆ 4545. ಸ್ವರಗಳು ಮಾತ್ರ ಮೊದಲಿನವೇ: ಜಿ ಶಾರ್ಪ್, ಬಿ, ಡಿ, ಎಫ್. ನಾಲ್ಕು ಸ್ವರಗಳ ನಡುವೆಯೂ ಮೂರು ಮೂರು ಫ್ರೆಟ್ ಅಂತರ ಇರುವುದರಿಂದ ಹೀಗಾಗುತ್ತದೆ. ಕರ್ನಾಟಕ ಸಂಗೀತ ಕಲಿತು ಬಂದವರಿಗೆ ನಾನು ಬೇರೆ ರೀತಿ ಹೇಳುತ್ತೇನೆ. ಷಡ್ಜ, ಸಾಧಾರಣ ಗಾಂಧಾರ, ಪ್ರತಿ ಮಧ್ಯಮ, ಚತುಶ್ರುತಿ ಧೈವತ ಹಾಡಿಸುತ್ತೇನೆ. ಆಮೇಲೆ ಗಾಂಧಾರವನ್ನೇ ಷಡ್ಜ ಮಾಡಿಕೊಂಡು ಮತ್ತೆ ಹಾಡಿ ಅನ್ನುತ್ತೇನೆ. ಹೀಗೆ ಷಡ್ಜ ಬದಲಿಸಿ ಗ್ರಹಭೇದ ಮಾಡಿದರೂ ಅದೇ ಸ್ವರಸ್ಥಾನಗಳು ಬರುತ್ತವೆ. ಅವರ ಮುಖ ಅರಳುತ್ತದೆ. ಒಂದೇ ಕಾರ್ಡನ್ನು ಅದರ ನಾಲ್ಕು ಸ್ವರಗಳಲ್ಲಿ ಯಾವುದರ ಹೆಸರಿನಿಂದಲೂ ಕರೆಯಬಹುದು, ಹಾಗಾಗಿ ಹನ್ನೆರಡು ಹೆಸರಿದ್ದರೂ ನಿಜವಾಗಿ ಇರುವುದು ಮೂರೇ ಕಾರ್ಡ್: 0101, 1212, 2323.

ಇದರಲ್ಲಿ 0101 ನನಗೆ ತುಂಬಾ ಇಷ್ಟ. ಹೀಗೆ ಸಾಲಾಗಿ ನುಡಿಸಿ: ಸಿ (0003), ಸಿ ಶಾರ್ಪ್ ಡಿಮಿನಿಶ್ಡ್ ಸೆವೆಂತ್ (0101), ಡಿ ಮೈನರ್ ಸೆವೆಂತ್ (2213), ಜಿ ಸೆವೆಂತ್ (0212). ಯುಕುಲೇಲೆಯಲ್ಲಿ ಗಿಟಾರಿನಷ್ಟು ಮಂದ್ರ ಇಲ್ಲ. ಸಾಮಾನ್ಯ ಶ್ರುತಿಯಲ್ಲಿ ಜಿ ತಂತಿಯೂ ಎತ್ತರದ್ದೇ, ಹಾಗಾಗಿ ಎಲ್ಲಕ್ಕಿಂತ ತಗ್ಗಿನದು ಸಿ ತಂತಿ. ಮೊದಲ ಮೂರು ಕಾರ್ಡಿನಲ್ಲಿ ಆ ತಂತಿ 0, 1, 2 ಅಂತ ಹತ್ತುತ್ತದೆ. ಹಾಡಿಗೆ ನಡಿಗೆ ಬರುವುದೇ ಅದರಿಂದ. ಅದಕ್ಕೇ ಮೊದಲು ಸಿ ತಂತಿಯನ್ನಷ್ಟೇ ಮೀಟಿಸುತ್ತೇನೆ, ಆಮೇಲೆ ಎಲ್ಲ ತಂತಿ ಒಟ್ಟಿಗೆ ಸ್ಟ್ರಮ್.

ಇನ್ನೊಂದು ಅಭ್ಯಾಸ. 1212 ಹಿಡಿದು, ಯಾವುದಾದರೂ ಒಂದು ತಂತಿಯ ಸ್ವರವನ್ನು ಒಂದು ಫ್ರೆಟ್ ಇಳಿಸಿ. ಜಿ ತಂತಿ ಇಳಿಸಿದರೆ ಜಿ ಸೆವೆಂತ್. ಸಿ ತಂತಿ ಇಳಿಸಿದರೆ 1112, ಸಿ ಶಾರ್ಪ್ ಸೆವೆಂತ್. ಇ ತಂತಿ ಇಳಿಸಿದರೆ 1202, ಇ ಸೆವೆಂತ್. ಎ ತಂತಿ ಇಳಿಸಿದರೆ 1211, ಬಿ ಫ್ಲ್ಯಾಟ್ ಸೆವೆಂತ್. ಇದನ್ನು ನಾನು ಬೋರ್ಡ್ ಮೇಲೆ ಬರೆಯುವುದಿಲ್ಲ. ಒಂದನ್ನು ತೋರಿಸಿ, ಉಳಿದ ಮೂರನ್ನು ಅವರೇ ಹುಡುಕಲಿ ಅಂತ ಬಿಡುತ್ತೇನೆ.