ಮಳೆಗಾಲದಲ್ಲಿ ಕಡಲಕ್ಕಿಗಳು ಎಲ್ಲಿಗೆ ಹೋಗುತ್ತವೆ?

ನನ್ನ ಜೊತೆ ಮಲ್ಪೆ ಬಂದರಿಗೆ ಬಂದವರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಡಿಸೆಂಬರಿನಲ್ಲಿ ಬೋಟುಗಳ ಹಿಂದೆ ಕಿರುಚುತ್ತಾ ಹಾರುವ ಆ ಬಿಳಿ ಹಕ್ಕಿಗಳು ಜೂನ್‌ನಲ್ಲಿ ಯಾಕೆ ಕಾಣುವುದಿಲ್ಲ? ಮೀನುಗಾರಿಕೆ ನಿಂತಿತು, ತಿನ್ನಲು ಸಿಗಲಿಲ್ಲ, ಹಾರಿ ಹೋದವು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಬೋಟುಗಳಿಗೆ ಮಳೆಗಾಲದ ರಜೆ ಶುರುವಾಗುವುದು ಜೂನ್ 1ಕ್ಕೆ. ಅಷ್ಟು ಹೊತ್ತಿಗೆ ಹಕ್ಕಿಗಳಲ್ಲಿ ಹೆಚ್ಚಿನವು ಹೋಗಿ ವಾರಗಳೇ ಆಗಿರುತ್ತವೆ.

ಅವು ಹೋಗುವುದು ಮೊಟ್ಟೆ ಇಡಲು. ನಮ್ಮಲ್ಲಿ ಜಾಸ್ತಿ ಕಾಣುವ ಕಂದುತಲೆ ಕಡಲಕ್ಕಿಯ ತವರು ಟಿಬೆಟ್, ಲಡಾಖ್ ಮತ್ತು ಮಧ್ಯ ಏಷ್ಯಾದ ಎತ್ತರದ ಸರೋವರಗಳು. ಲಡಾಖಿನ ತ್ಸೋ ಮೊರಿರಿ, ತ್ಸೋ ಕರ್‌ಗಳಲ್ಲಿ ಅವು ಗೂಡು ಕಟ್ಟುತ್ತವೆ. ಸಮುದ್ರ ಮಟ್ಟಕ್ಕಿಂತ ಸುಮಾರು 4,500 ಮೀಟರ್ ಮೇಲೆ! ಕಡಲಕ್ಕಿ ಅಂತ ಹೆಸರಿಟ್ಟಿದ್ದೇವೆ, ಆದರೆ ಅದು ಮರಿ ಮಾಡುವ ಜಾಗಕ್ಕೆ ಕಡಲು ತೀರಾ ದೂರ. ಚಳಿಗಾಲದಲ್ಲಿ ಆ ಸರೋವರಗಳು ಹೆಪ್ಪುಗಟ್ಟುತ್ತವೆ. ಆಗ ಹಿಮಾಲಯ ದಾಟಿ ನಮ್ಮ ಕರಾವಳಿಗೆ ಬರುತ್ತವೆ.

“ಇದರ ತಲೆ ಕಂದು ಎಲ್ಲಿದೆ, ಬೆಳ್ಳಗಿದೆಯಲ್ಲ?” ಇದು ಅದರ ಬೆನ್ನಿಗೇ ಬರುವ ಪ್ರಶ್ನೆ. ನನಗೆ ಇದಕ್ಕೆ ಉತ್ತರ ಹೇಳುವುದೆಂದರೆ ಬಹಳ ಇಷ್ಟ. ಚಳಿಗಾಲದಲ್ಲಿ ಅದರ ತಲೆ ಬಿಳಿ, ಕಣ್ಣಿನ ಹಿಂದೆ ಒಂದು ಕಪ್ಪು ಮಚ್ಚೆ ಮಾತ್ರ. ಊರಿಗೆ ಹೊರಡುವ ಕಾಲ ಹತ್ತಿರವಾದಂತೆ ತಲೆಯ ಹಳೆಯ ಗರಿ ಉದುರಿ, ಕಾಫಿಪುಡಿ ಬಣ್ಣದ ಹೊಸ ಗರಿ ಬರುತ್ತದೆ. ಮಾರ್ಚ್‌ನಲ್ಲಿ ಬಂದು ನೋಡಿ. ಒಂದೇ ಗುಂಪಿನಲ್ಲಿ ಒಂದು ಪೂರ್ತಿ ಬಿಳಿ ತಲೆ, ಇನ್ನೊಂದು ಅರ್ಧ ಕಂದು, ಮತ್ತೊಂದು ಮದುವೆಗೆ ಸಿದ್ಧವಾದಂತೆ ಪೂರ್ತಿ ಕಂದು. ಬೇರೆ ಬೇರೆ ಜಾತಿ ಅಲ್ಲ, ಎಲ್ಲಾ ಒಂದೇ. ಕಪ್ಪುತಲೆ ಕಡಲಕ್ಕಿ ಅಂತ ಇನ್ನೊಂದಿದೆ, ಅದೂ ನಮ್ಮಲ್ಲಿಗೆ ಬರುತ್ತದೆ. ಹೆಸರು ಹಾಗಿದ್ದರೂ ಅದರ ತಲೆಯೂ ಕಂದೇ! ರೆಕ್ಕೆಯ ಕಪ್ಪು ತುದಿಯಲ್ಲಿ ದೊಡ್ಡ ಬಿಳಿ ಚುಕ್ಕೆ ಇದ್ದರೆ ಅದು ಕಂದುತಲೆಯದು.

ಉಪ್ಪುನೀರು ಹೇಗೆ ಕುಡಿಯುತ್ತವೆ ಅಂತಲೂ ಕೆಲವರು ಕೇಳುತ್ತಾರೆ. ಕಣ್ಣುಗಳ ಮೇಲ್ಭಾಗದಲ್ಲಿ ಉಪ್ಪಿನ ಗ್ರಂಥಿಗಳಿವೆ. ರಕ್ತದಲ್ಲಿ ಹೆಚ್ಚಾದ ಉಪ್ಪನ್ನು ಅವು ಹೊರಗೆ ಹಾಕುತ್ತವೆ, ಅದು ಮೂಗಿನಿಂದ ಕೊಕ್ಕಿನ ತುದಿಗೆ ಹನಿಯಾಗಿ ಇಳಿಯುತ್ತದೆ. ಹಕ್ಕಿ ಆಗಾಗ ತಲೆ ಕೊಡವಿದರೆ ಸುಮ್ನೆ ಅಲ್ಲ, ಆ ಹನಿ ಉದುರಿಸುತ್ತಿರಬಹುದು. ಹಾಗಂತ ನಾವು ಎಸೆಯುವ ಚಿಪ್ಸ್, ಕುರ್ಕುರೆ ಅವುಗಳ ಊಟವಲ್ಲ. ದಯವಿಟ್ಟು ಎಸೆಯಬೇಡಿ. ಬಲೆ ಕೊಡವುವಾಗ ಬೀಳುವ ಸಣ್ಣ ಮೀನೇ ಅವಕ್ಕೆ ಸಾಕಷ್ಟಿದೆ.

ಮಳೆ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದ ಮೇಲೆ, ಅಕ್ಟೋಬರ್ ಹೊತ್ತಿಗೆ ನಾನು ದಿನಾ ದಡದಲ್ಲಿ ಹುಡುಕುತ್ತೇನೆ. ರೆಕ್ಕೆಯ ಮೇಲೆ ಕಂದು ಕಲೆ, ಬಾಲದ ತುದಿಗೆ ಕಪ್ಪು ಪಟ್ಟಿ ಇರುವವು ಆ ವರ್ಷದ ಮರಿಗಳು. ಕೆಲವೇ ತಿಂಗಳ ಹಿಂದೆ ಯಾವುದೋ ಬೆಟ್ಟದ ಸರೋವರದಲ್ಲಿ ಮೊಟ್ಟೆಯೊಡೆದು ಬಂದವು. ಕಡಲನ್ನು ನೋಡುತ್ತಿರುವುದು ಇದೇ ಮೊದಲು.