ಹನ್ನೊಂದು ವರ್ಷಗಳ ಬಳಿಕ ಮತ್ತೆ ಕುಂಚ ಹಿಡಿದಾಗ

ಹನ್ನೊಂದು ವರ್ಷಗಳಿಂದ ಮುಚ್ಚಿಯೇ ಇದ್ದ ಜಲವರ್ಣದ ಪೆಟ್ಟಿಗೆಯನ್ನು ಎರಡು ತಿಂಗಳ ಹಿಂದೆ ತೆರೆದೆ. ಬಣ್ಣಗಳೆಲ್ಲ ಒಣಗಿ ಬಿರುಕು ಬಿಟ್ಟಿದ್ದವು. ಅಲ್ಟ್ರಾಮರೀನ್ ನೀಲಿಯ ತುಂಡು ತನ್ನ ಗುಳಿಯಿಂದ ಕಳಚಿಕೊಂಡು ಮುಚ್ಚಳದ ಮೂಲೆಯಲ್ಲಿ ಬಿದ್ದಿತ್ತು. ಎಸೆದುಬಿಡೋಣ ಎನ್ನಿಸಿದರೂ ಮನಸ್ಸು ಬಾರದೆ, ಒಂದೊಂದರ ಮೇಲೂ ಎರಡು ಹನಿ ನೀರು ಬಿಟ್ಟು ಸ್ವಲ್ಪ ಹೊತ್ತು ಕಾದೆ. ಜಲವರ್ಣದಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡುವುದು ಅಕೇಶಿಯ ಮರದ ಗೋಂದು. ಒಣಗಿ ಗಟ್ಟಿಯಾದ ಆ ಗೋಂದು ನೀರು ಸೋಕಿದರೆ ಮತ್ತೆ ಕರಗುತ್ತದೆ ಎಂದು ಗೊತ್ತಿದ್ದರೂ, ಕುಂಚದ ತುದಿಗೆ ಆ ನೀಲಿ ಮೊದಲಿನಷ್ಟೇ ಗಾಢವಾಗಿ ಹತ್ತಿಕೊಂಡಾಗ ನನ್ನ ಕಣ್ಣು ತುಂಬಿ ಬಂತು.

ಕಾಗದ ಮಾತ್ರ ಹಾಗೆ ಉಳಿದಿರಲಿಲ್ಲ. ಬಣ್ಣ ತಕ್ಷಣ ಇಂಗಿಹೋಗದಂತೆ ತಡೆಯಲು ಒಳ್ಳೆಯ ಜಲವರ್ಣದ ಕಾಗದಕ್ಕೆ ಜೆಲಟಿನ್‌ನಂಥ ಅಂಟನ್ನು ಲೇಪಿಸಿರುತ್ತಾರೆ. ತೇವದ ಗಾಳಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದರೆ ಅದು ಕೆಡುತ್ತದೆ. ಜತನದಿಂದ ಎತ್ತಿಟ್ಟಿದ್ದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹಾಳೆಗಳ ಮೇಲೆ ಬಣ್ಣ ಹರಿಸಿದರೆ ಅಲ್ಲಲ್ಲಿ ಕಲೆಯಂತೆ ಹೀರಿಕೊಂಡಿತು. ಅವನ್ನು ಪೆನ್ಸಿಲ್ ಅಭ್ಯಾಸಕ್ಕೆಂದು ತೆಗೆದಿಟ್ಟೆ.

ಹೀಗೆ ಶುರುವಾದದ್ದು ಒಂದು ಗಾಜಿನ ಲೋಟದಿಂದ. ಮೊದಲ ದಿನ ಬರೆದ ಲೋಟ ಎಡಕ್ಕೆ ವಾಲಿತ್ತು, ಬಾಯಿಯ ಅಂಚು ಎರಡೂ ತುದಿಗಳಲ್ಲಿ ಚೂಪಾಗಿತ್ತು, ತಳವಂತೂ ಗೆರೆ ಎಳೆದಂತೆ ಚಪ್ಪಟೆಯಾಗಿತ್ತು. ಕೈ ಮರೆತಿದೆ ಎಂಬುದಕ್ಕಿಂತ ಹೆಚ್ಚು ನೋಯಿಸಿದ ಸಂಗತಿಯೆಂದರೆ, ಈ ತಪ್ಪುಗಳೆಲ್ಲ ನನಗೆ ಒಂದೇ ನೋಟಕ್ಕೆ ಕಂಡವು. ಬಿಟ್ಟಿದ್ದ ವರ್ಷಗಳಲ್ಲಿಯೂ ನಾನು ಚಿತ್ರಗಳನ್ನು ನೋಡುವುದನ್ನು ನಿಲ್ಲಿಸಿರಲಿಲ್ಲ. ಕಣ್ಣು ತನ್ನಷ್ಟಕ್ಕೆ ಬೆಳೆಯುತ್ತಲೇ ಇತ್ತು, ಕೈ ಮಾತ್ರ ಬಿಟ್ಟಲ್ಲಿಂದಲೂ ಹಿಂದಕ್ಕೆ ಸರಿದಿತ್ತು. ದೀರ್ಘ ಕಾಲದ ನಂತರ ಮರಳಿದವರು ಒಂದೇ ವಾರದಲ್ಲಿ ಕೈಚೆಲ್ಲುವುದು ಬಹುಶಃ ಈ ಅಂತರವನ್ನು ತಾಳಲಾರದೆಯೇ. ನಾನೇ ಹಿಂದೆ ಎರಡು ಬಾರಿ ಹೀಗೆ ಆರಂಭಿಸಿ ಬಿಟ್ಟಿದ್ದೇನೆ. ಆಗೆಲ್ಲ ಹಳೆಯ ಚಿತ್ರಗಳನ್ನು ಹೊರತೆಗೆದು ಪಕ್ಕದಲ್ಲಿಟ್ಟುಕೊಂಡಿದ್ದೆ. ಈ ಸಲ ಅವನ್ನು ಮುಟ್ಟಲೇ ಇಲ್ಲ. ಹೊಸ ಕುಂಚಗಳನ್ನು ಕೊಳ್ಳಲಿಲ್ಲ, ಬಿಡಿಸುವುದನ್ನು ಕಲಿಸುವ ವಿಡಿಯೊಗಳನ್ನೂ ನೋಡಲಿಲ್ಲ, ಏಕೆಂದರೆ ಅವೆರಡೂ ಅಭ್ಯಾಸ ಮಾಡಿದ ತೃಪ್ತಿಯನ್ನು ಅಭ್ಯಾಸವಿಲ್ಲದೆಯೇ ಕೊಟ್ಟುಬಿಡುತ್ತವೆ.

ದಿನಕ್ಕೆ ಇಪ್ಪತ್ತು ನಿಮಿಷ, ಅದೇ ಲೋಟ, ಹಾಳೆಯ ಮೂಲೆಯಲ್ಲಿ ತಾರೀಖು. ಎಷ್ಟೇ ಕೆಟ್ಟು ಹೋದರೂ ಹಾಳೆ ಹರಿಯಬಾರದು ಎಂದು ಗೊತ್ತುಮಾಡಿಕೊಂಡೆ. ಒಂಬತ್ತನೆಯ ದಿನವೋ ಹತ್ತನೆಯ ದಿನವೋ, ಲೋಟದ ತಳ ನನಗೆ ನಿಜವಾಗಿ ಕಂಡಿತು. ಮೇಲಿನಿಂದ ನೋಡುವಾಗ ಬಾಯಿಗಿಂತ ತಳ ನಮ್ಮ ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿರುವುದರಿಂದ, ತಳದ ಅಂಡಾಕೃತಿ ಬಾಯಿಯದಕ್ಕಿಂತ ಹೆಚ್ಚು ತೆರೆದುಕೊಂಡು ದುಂಡಗಾಗಿ ಕಾಣುತ್ತದೆ. ಲೋಟ ಮೇಜಿನ ಮೇಲೆ ಸಮವಾಗಿ ಕೂತಿದೆ ಎಂದು ತಿಳಿದಿದ್ದ ಮನಸ್ಸು ತಳವನ್ನು ಚಪ್ಪಟೆ ಮಾಡಿಸುತ್ತಿತ್ತು. ಅಷ್ಟು ದಿನ ನಾನು ಬರೆಯುತ್ತಿದ್ದದ್ದು ತಿಳಿದದ್ದನ್ನೇ ಹೊರತು ಕಂಡದ್ದನ್ನಲ್ಲ. ಆ ದಿನ ಗೆರೆ ನಡುಗುತ್ತಲೇ ಇತ್ತು, ಆದರೂ ಲೋಟ ಮೇಜಿನ ಮೇಲೆ ನಿಂತಿತು.

ನಿನ್ನೆ ಮೊದಲ ಬಾರಿಗೆ ಅದಕ್ಕೆ ಬಣ್ಣ ಹಚ್ಚಿದೆ. ನೆರಳಿಗೆ ಕಪ್ಪನ್ನು ಬಳಸದೆ, ಅಲ್ಟ್ರಾಮರೀನ್‌ಗೆ ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿ ಬೂದು ಬಣ್ಣ ಮಾಡಿಕೊಂಡು, ಹೊಸ ಕಾಗದದ ಮೇಲೆ ಹರಿಸಿ ಕೈ ಹಿಂದಕ್ಕೆ ತೆಗೆದುಕೊಂಡೆ. ನೀರು ಆರುತ್ತ ಬಂದಂತೆ ನೀಲಿಯ ಕಣಗಳು ಕಾಗದದ ಸಣ್ಣ ತಗ್ಗುಗಳಲ್ಲಿ ತಂಗಿ, ನೆರಳಿಗೆ ಮರಳಿನಂಥ ಸಣ್ಣ ತರಿ ಬಂತು. ಲೋಟದ ಎಡ ಅಂಚು ಇನ್ನೂ ಸರಿಯಿಲ್ಲ. ನಾಳೆ ಅಲ್ಲಿಂದಲೇ ಶುರು ಮಾಡಬೇಕು.