ಘಾನಾದ ಗುಲಾಮ ಕೋಟೆಗಳು: ಅಸಿನ್ ಮಾನ್ಸೊದಿಂದ ಶುರುಮಾಡಿ

ಘಾನಾದ ರಾಜಧಾನಿ ಅಕ್ರಾಕ್ಕೆ ಬಂದವರಲ್ಲಿ ಅನೇಕರು, ಅಮೆರಿಕ ಖಂಡಕ್ಕೆ ಹಡಗು ಹತ್ತಿಸುವ ಮುನ್ನ ಗುಲಾಮರನ್ನು ಕೂಡಿಹಾಕುತ್ತಿದ್ದ ಕರಾವಳಿಯ ಕೇಪ್ ಕೋಸ್ಟ್, ಎಲ್ಮಿನಾ ಎರಡೂ ಕೋಟೆಗಳನ್ನು ಒಂದೇ ದಿನದಲ್ಲಿ ಮುಗಿಸಿ ಮರಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೇಪ್ ಕೋಸ್ಟ್‌ನಲ್ಲಿ ಎರಡು ರಾತ್ರಿ ತಂಗಿ, ಸೆರೆಯಾಳುಗಳನ್ನು ನಡೆಸಿ ತಂದ ದಿಕ್ಕಿನಲ್ಲೇ, ಒಳನಾಡಿನಿಂದ ಕಡಲ ಕಡೆಗೆ ಬನ್ನಿ.

ಹಳದಿ ಜ್ವರದ ಲಸಿಕೆ ಕಡ್ಡಾಯ. ಸರ್ಕಾರಿ ಮಾನ್ಯತೆಯ ಕೇಂದ್ರದಲ್ಲೇ ಹಾಕಿಸಿಕೊಳ್ಳಿ. ಪ್ರಮಾಣಪತ್ರ ಊರ್ಜಿತವಾಗುವುದು 10 ದಿನ ಕಳೆದ ಮೇಲೆ. ಅದು ಕೈಯಲ್ಲಿಲ್ಲದಿದ್ದರೆ ಭಾರತಕ್ಕೆ ಮರಳಿದಾಗ 6 ದಿನದವರೆಗೂ ಕ್ವಾರಂಟೈನ್‌ನಲ್ಲಿ ಇರಿಸಬಹುದು. ಮಲೇರಿಯಾ ಮಾತ್ರೆಯ ಬಗ್ಗೆಯೂ ವೈದ್ಯರನ್ನು ಮೊದಲೇ ಕೇಳಿ.

ಅಕ್ರಾದ ಕನೇಶಿ ಮಾರುಕಟ್ಟೆ ಬಳಿಯಿಂದ ಕೇಪ್ ಕೋಸ್ಟ್‌ಗೆ ವ್ಯಾನುಗಳಿವೆ. ದೂರ ಸುಮಾರು 145 ಕಿ.ಮೀ., ಮೂರು ಗಂಟೆಯ ದಾರಿ. ಸೀಟು ತುಂಬುವವರೆಗೆ ವ್ಯಾನು ಹೊರಡುವುದಿಲ್ಲ, ಹಾಗಾಗಿ ಬೆಳಗ್ಗೆ ಬೇಗ ಹೋಗಿ.

ಮೊದಲ ದಿನ ನೋಡಬೇಕಾದ ಅಸಿನ್ ಮಾನ್ಸೊ ಇರುವುದು ಕೇಪ್ ಕೋಸ್ಟ್‌ನಿಂದ ಕುಮಾಸಿ ರಸ್ತೆಯಲ್ಲಿ ಸುಮಾರು 40 ಕಿ.ಮೀ. ಉತ್ತರಕ್ಕೆ. ಕೋಟೆಗೆ ಸಾಗಿಸುವ ಮುನ್ನ ಸೆರೆಯಾಳುಗಳಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದ ಹೊಳೆ ಇಲ್ಲಿದೆ. ಅಮೆರಿಕ ಮತ್ತು ಜಮೈಕಾದಿಂದ ತಂದ, ಗುಲಾಮರಾಗಿದ್ದ ಇಬ್ಬರ ಅವಶೇಷಗಳನ್ನು 1998ರಲ್ಲಿ ಇಲ್ಲೇ ಮಣ್ಣುಮಾಡಲಾಯಿತು. ಈ ಹೊಳೆ, ಈ ಸಮಾಧಿಗಳನ್ನು ಕಂಡ ಮೇಲೆ ಕೋಟೆಯೊಳಗೆ ಕಾಲಿಡುವ ಮನಸ್ಸೇ ಬೇರೆ.

ಮಾರನೆಯ ದಿನ ಕೇಪ್ ಕೋಸ್ಟ್ ಕೋಟೆ. ಮೊದಲು ಅಲ್ಲಿನ ವಸ್ತುಸಂಗ್ರಹಾಲಯ ನೋಡಿ, ಆಮೇಲೆ ಮಾರ್ಗದರ್ಶಿಯ ಜೊತೆ ಸೆರೆಯಾಳುಗಳನ್ನಿಡುತ್ತಿದ್ದ ನೆಲಮಾಳಿಗೆಗೆ ಇಳಿಯಿರಿ. ಅಟ್ಲಾಂಟಿಕ್ ದಾಟಿಸಲು ಹಡಗು ಹತ್ತಿಸಿದವರು ಸುಮಾರು 1.25 ಕೋಟಿ, ಜೀವಂತ ತಲುಪಿದವರು ಸುಮಾರು 1.07 ಕೋಟಿ. ಇವರಲ್ಲಿ ಬಹುಪಾಲು ಜನರನ್ನು ಒಯ್ದದ್ದು ಬ್ರೆಜಿಲ್ ಮತ್ತು ಕೆರಿಬಿಯನ್‌ಗೆ. ಉತ್ತರ ಅಮೆರಿಕದ ನೆಲಕ್ಕೆ ನೇರವಾಗಿ ಬಂದವರು 4 ಲಕ್ಷಕ್ಕೂ ಕಡಿಮೆ. ಈ ಲೆಕ್ಕ ತಲೆಯಲ್ಲಿದ್ದರೆ ನೆಲಮಾಳಿಗೆಯಲ್ಲಿ ಮಾರ್ಗದರ್ಶಿ ಹೇಳುವುದು ಸರಿಯಾಗಿ ಅರ್ಥವಾಗುತ್ತದೆ. ಒಳಗೆ ಮಬ್ಬುಗತ್ತಲೆ, ಇಳಿಜಾರು, ಜಾರುವ ನೆಲ: ಹಿಡಿತವಿರುವ ಶೂ ಬೇಕು. ಗಂಡಸರನ್ನು ತುಂಬುತ್ತಿದ್ದ ನೆಲಮಾಳಿಗೆಯ ನೆತ್ತಿಯ ಮೇಲೇ ಚರ್ಚ್ ಇತ್ತು ಎಂಬುದನ್ನು ನಿಂತು ಗಮನಿಸಿ.

ಅಮೆರಿಕ, ಕೆರಿಬಿಯನ್‌ನಿಂದ ಪೂರ್ವಜರನ್ನು ಅರಸಿ ಬಂದವರು ಇಲ್ಲಿ ಅಳುತ್ತಾರೆ, ಪ್ರಾರ್ಥಿಸುತ್ತಾರೆ. ಅವರತ್ತ ಫೋನ್ ಹಿಡಿಯಬೇಡಿ. ಅವರಿಗೆ ಏಕಾಂತ ಬೇಕೆನಿಸಿದರೆ ಮುಂದಿನ ತಂಡದೊಡನೆ ಹೋಗಿ.

ಎಲ್ಮಿನಾ ಅಲ್ಲಿಂದ ಸುಮಾರು 13 ಕಿ.ಮೀ.; ಶೇರ್ ಟ್ಯಾಕ್ಸಿ ಸಿಗುತ್ತದೆ. ಪೋರ್ಚುಗೀಸರು 1482ರಲ್ಲಿ ಇದನ್ನು ಕಟ್ಟಿದ್ದು ಚಿನ್ನದ ವ್ಯಾಪಾರಕ್ಕೆ. ಎದುರಿನ ಸೇಂಟ್ ಜಾಗೊ ಗುಡ್ಡಕ್ಕೆ ಮೊದಲು ಹತ್ತಿ: ಡಚ್ಚರು 1637ರಲ್ಲಿ ಫಿರಂಗಿಗಳನ್ನು ಅಲ್ಲಿಗೆ ಎಳೆದೊಯ್ದೇ ಕೋಟೆ ಗೆದ್ದರು, ಮೇಲಿನಿಂದ ನೋಡಿದರೆ ಕಾರಣ ತಾನಾಗಿ ತಿಳಿಯುತ್ತದೆ. ಕೋಟೆಯ ಹೊರಗೆ ಹುಡುಗರು ನಗುತ್ತ ಹೆಸರು ಕೇಳಿ, ಅದನ್ನು ಚಿಪ್ಪಿನ ಮೇಲೆ ಬರೆದು ತಂದು ದುಡ್ಡು ಕೇಳುತ್ತಾರೆ. ಬೇಡವಾದರೆ ಹೆಸರು ಹೇಳಬೇಡಿ.

ಸಸ್ಯಾಹಾರಿಗಳಿಗೆ ಅಲಸಂದೆ ಕಾಳಿನ ಸಾರು, ಕರಿದ ಬಾಳೆಯ ‘ರೆಡ್ ರೆಡ್’ ಹೊಂದುತ್ತದೆ, ಆದರೆ ಮೀನಿನ ಪುಡಿ ಹಾಕಿದ್ದಾರೆಯೇ ಎಂದು ಕೇಳಿಯೇ ತಿನ್ನಿ. ಹುಳಿ ಬರಿಸಿದ ಹಿಟ್ಟಿನ ಮುದ್ದೆಯಾದ ‘ಕೆಂಕೆ’ಯ ಮೆಕ್ಕೆಜೋಳ, ಜೊತೆಗೆ ಬರುವ ಮೆಣಸಿನಕಾಯಿ ಎರಡೂ ಇದೇ ಸಾಗರವ್ಯಾಪಾರದಲ್ಲಿ ಅಮೆರಿಕ ಖಂಡದಿಂದ ಬಂದವು. ನಮ್ಮ ಬ್ಯಾಡಗಿಯ ಮೂಲವೂ ಅಲ್ಲಿಯದೇ.

ಮರಳುವಾಗ ಅಕ್ರಾಕ್ಕೆ ಮುನ್ನ ಕಾಸೋವಾದಲ್ಲಿ ವಾಹನಗಳು ಗಂಟೆಗಟ್ಟಲೆ ನಿಲ್ಲುವುದುಂಟು. ವಿಮಾನ ಹತ್ತುವ ಹಿಂದಿನ ದಿನವೇ ಅಕ್ರಾ ಸೇರಿಕೊಳ್ಳಿ.